ಟ್ರ್ಯಾಕ್ಟರಿನ ಮೇಲೆ ಹತ್ತೊಂಬತ್ತನೇ ಶತಮಾನ

"ಸೀರೆ ಬಿಚ್ಚು ಅಂದ್ನೇನೇ ಲೌಡಿ? ರವಿಕೆ ತಾನೇ! ಸೆರಗು ಹೊದ್ಕೊಂಡ್ ನಿಂತ್ರೆ ಏನ್ ಸವೆದ್‌ಹೋಗ್ತೀಯ?"

ಕೆಂಚಾರ್ಲಹಳ್ಳಿಯ ದೊಡ್ಡಮನೆಯ ಶ್ಯಾಮಲಮ್ಮ ಮಹಿಳಾ ದಿನಾಚರಣೆಯನ್ನು ಹೀಗೆ ಉದ್ಘಾಟಿಸಿದರು. ಅಂಗಳದಲ್ಲಿ ಟ್ರ್ಯಾಕ್ಟರು ಹೂ ಮುಡಿದು ನಿಂತಿತ್ತು. ಟ್ರೈಲರಿನ ಬ್ಯಾನರಿನಲ್ಲಿ 'ಹತ್ತೊಂಬತ್ತನೇ ಶತಮಾನದ ಹೆಣ್ಣು: ಕತ್ತಲೆಯಿಂದ ಬೆಳಕಿಗೆ' ಎಂದಿತ್ತು. ಬೆಳಕಿನ ಪಾತ್ರ ಸೊಸೆ ಹರಿತಾಳದು. ಕೈಯಲ್ಲಿ ಸ್ಲೇಟು, ಮೈಮೇಲೆ ಚಿಂತಾಮಣಿಯಲ್ಲಿ ಹೊಲಿಸಿದ ಬುಗ್ಗೆ ತೋಳಿನ ಲೇಸಿನ ರವಿಕೆ. ಕತ್ತಲೆಗೆಂದು ಹುಳುಮನೆಯಿಂದ ಹೆಣ್ಣಾಳುಗಳನ್ನು ಕರೆಸಿದ್ದರು. ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿದ್ದವರು ಕೈ ತೊಳೆದು ಬಂದಿದ್ದರು; ಎಲ್ಲರಿಗಿಂತ ಮುಂದೆ ನಿಂತವಳು ಚಿಕ್ಕವೆಂಕಟಮ್ಮ.

"ಹಿಸ್ಟರಿ ಕರೆಕ್ಟಾಗಿರ್ಬೇಕಲ್ವಾ ಚಿಕ್ಕವೆಂಕಟಮ್ಮ," ಹರಿತಾ ಮೆತ್ತಗೆ ಹೇಳಿದಳು. "ಆಗ ನಿಮ್ ಕೇರಿಯೋರು ರವಿಕೆ ಹಾಕ್ತಿರ್ಲಿಲ್ಲ."

"ಹಾಕಕ್ ಬಿಡ್ತಿರ್ಲಿಲ್ಲ ಕಣವ್ವ. ನಮ್ಮಜ್ಜಿ ಹೇಳೋಳು. ಅವಳಜ್ಜಿ ಆಸೆಪಟ್ಟು ಒಂದ್ ರವಿಕೆ ತೊಟ್ಕೊಂಡ್ ಬಂದಿದ್ಕೆ, ಇದೇ ಅಂಗಳದಲ್ಲಿ ಈ ಮನೆ ಯಜಮಾನ ಹರಿದಾಕಿದ್ನಂತೆ. ಜನ ನೋಡ್ತಾ ಇದ್ರಂತೆ."

ಜಗಲಿಯ ಕುರ್ಚಿಯಿಂದಲೇ ಈಗಿನ ಯಜಮಾನ ಮುನಿವೆಂಕಟಪ್ಪ ಗದರಿದರು: "ಆ ಪುರಾಣ ಈಗ್ಯಾಕಮ್ಮಿ? ಹೇಳ್ದಂಗೆ ಹತ್ತಿದ್ರೆ ಸರಿ. ಇಲ್ದಿದ್ರೆ ನಾಳೆಯಿಂದ ಹುಳುಮನೆ ಕಡೆ ಮೂತಿ ತೋರಿಸ್ಬೇಡ."

ಚಿಕ್ಕವೆಂಕಟಮ್ಮನ ಪಕ್ಕದಲ್ಲಿದ್ದ ಅಕ್ಕಯ್ಯಮ್ಮನ ಕೈ ಆಗಲೇ ತನ್ನ ರವಿಕೆಯ ಕೊಕ್ಕೆಗೆ ಹೋಗಿತ್ತು. "ಗೊಡವ ಎಂದುಕೇ? ಜಗಳ ಯಾಕ್ ಬೇಕು? ಊರು ಸುತ್ಬಿಟ್ಟು ಬರೋದ್ ತಾನೇ," ಎಂದು ಪಿಸುಗುಟ್ಟಿದಳು.

ಚಿಕ್ಕವೆಂಕಟಮ್ಮ ಆ ಕೊಕ್ಕೆಯನ್ನು ತಿರುಗಿ ಹಾಕಿದಳು.

"ಹತ್ತೀವಿ. ಹಿಸ್ಟರೀನೂ ಕರೆಕ್ಟಾಗೇ ಇರ್ಲಿ. ಆದ್ರೆ ರವಿಕೆ ಹರಿಯೋನೆಲ್ಲಿ ಇದ್ರಲ್ಲಿ? ಬರೀ ನಾವೇ ಹಂಗ್ ನಿಂತ್ರೆ, ಮೈ ಮುಚ್ಕೊಳ್ಳಕ್ ಬಾರ್ದಿದ್ದ ದಡ್ ಮುಂಡೇರು ಅಂತಾರೆ ಜನ."

ಇತಿಹಾಸದಲ್ಲಿ ಎಂ.ಎ. ಮಾಡಿದ್ದ ಹರಿತಾ ಸ್ಲೇಟನ್ನು ಬೆನ್ನ ಹಿಂದೆ ಸರಿಸಿದಳು.

ಚಿಕ್ಕವೆಂಕಟಮ್ಮನ ಕೇರಿಯವರು ಯಾರೂ ಹತ್ತದ ಜಗಲಿ ಅದು. ಅವಳು ಹತ್ತಿದಳು. "ವಸಿ ಏಳಿ ಅಯ್ಯ," ಎಂದಳು. ಮುನಿವೆಂಕಟಪ್ಪ ಎದ್ದದ್ದು ವಿಧೇಯತೆಯಿಂದಲ್ಲ, ಗಾಬರಿಯಿಂದ. ಅಷ್ಟರಲ್ಲಿ ತೇಗದ ಕುರ್ಚಿ ಅವಳ ತಲೆಯ ಮೇಲಿತ್ತು.

"ಇಳಿಸೇ! ಅದು ನಮ್ಮ ಮಾವನೋರ ಕುರ್ಚಿ!" ಶ್ಯಾಮಲಮ್ಮ ಚೀರಿದರು.

"ಅದಕ್ಕೇ ತಗೊಂಡಿದ್ದು."

ಕುರ್ಚಿ ಟ್ರೈಲರಿನ ನಡುಮಧ್ಯೆ ಕೂತಿತು. ಹೆಂಗಸರು ರವಿಕೆ ತೊಟ್ಟೇ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಬ್ಬೊಬ್ಬರಾಗಿ ಹತ್ತಿ ಅದರ ಸುತ್ತ ನಿಂತರು. ಗೇಟಿನಾಚೆ ತಮಟೆ ನಿಂತುಹೋಯಿತು. ಮೆರವಣಿಗೆಗೆ ಬಂದಿದ್ದ ಊರೆಲ್ಲ ಜಗಲಿಯತ್ತ ನೋಡುತ್ತಿತ್ತು.

"ಹತ್ತಯ್ಯ," ಎಂದು ಕೂಗಿದವಳು ಅಕ್ಕಯ್ಯಮ್ಮ. "ನಿನ್ ಪಾರ್ಟೊಂದೇ ಬಾಕಿ."