ನಾಲ್ಕು ಬೆರಳು ಮಣ್ಣು

ಜನ ಕೂತ ಕಡೆ ನೀರು ಕೇಳುವುದಕ್ಕೂ ನನಗೆ ನಾಲಿಗೆ ಏಳುವುದಿಲ್ಲ. ಇವತ್ತಂತೂ ಗೃಹಪ್ರವೇಶ, ಹೊಸ ಮನೆ ತುಂಬ ಬೀಗರು. ಯಾರೂ ನನ್ನನ್ನು ಮಾತಾಡಿಸದಿದ್ದರೆ ಸಾಕು ಅಂದುಕೊಂಡೇ ಬೆಳಗು ಕಳೆದೆ.

ಗುಂಜೋಟಿ ಊರಿನ ನಮ್ಮ ಹೊಲದ ಈ ಮನೆಯ ನಕ್ಷೆ ನನ್ನದು. ಸಿವಿಲ್ ಓದಿ ಬಂದಾಗ ಅಪ್ಪ, "ಸ್ಲ್ಯಾಬಿನ ಮನ್ಯಾಗ ಕುದ್ದು ಹೋಗೇವಿ, ತಂಪ ಇರೂವಂಥಾದ್ದು ತಗಿ" ಅಂದಿದ್ದ. ಸುಡದ ಮಣ್ಣಿಟ್ಟಿಗೆ, ಸುಣ್ಣದ ಗಾರೆ, ಹಿಂದೆ ಬಿದ್ದ ಹಳೇ ಮನೆಯ ಬೇವಿನ ತೊಲೆ, ಮಳೆನೀರಿಗೆ ಟಾಕಿ. ಮಾಳಿಗೆಗೆ ಬಿದಿರು, ಅದರ ಮೇಲೆ ನಾಲ್ಕೇ ಬೆರಳು ಮಣ್ಣು.

ಮೊದಲ ಮಳೆಗೆ ಒಂದು ಮೂಲೆ ಸೋರಿತು. ನಮ್ಮ ಕಡೆ ಸೋರಿದರೆ ಮಣ್ಣು ಏರಿಸುವುದೇ ರೂಢಿ. "ನಾಕ ಬೆರಳಂತ! ರೊಟ್ಟಿಗಿ ಎಣ್ಣಿ ಸವರಿದಂಗ" ಅಂತ ನಕ್ಕು ಅಪ್ಪ ಟ್ರ್ಯಾಕ್ಟರ್‌ಗಟ್ಟಲೆ ಬಿಳಿಮಣ್ಣು ಏರಿಸಿದ. ಈಗ ಮೊಣಕಾಲುದ್ದ ಇದೆ. ತೊಂಬತ್ತಮೂರರ ಭೂಕಂಪದಲ್ಲಿ ನನ್ನ ಅಜ್ಜಿ ರಂಭಾಬಾಯಿ ಆಯಿಯ ಇಬ್ಬರು ಹೆಣ್ಣುಮಕ್ಕಳ ಮೇಲೆ ಬಿದ್ದದ್ದೂ ಹೀಗೆ ವರ್ಷಾ ವರ್ಷಾ ಏರಿಸಿದ ಮಣ್ಣೇ. ಅವರಿಬ್ಬರ ತಮ್ಮ, ನಮ್ಮಪ್ಪ, ಹೊರಗೆ ಮಲಗಿದ್ದಕ್ಕೆ ಉಳಿದ. ಆಯಿ ಅಂದಿನಿಂದ ಗಿಡದ ಕೆಳಗೇ ಮಲಗುತ್ತಾಳೆ. ಇವತ್ತೂ ಒಳಗೆ ಕಾಲಿಡಲಿಲ್ಲ.

ಜಂಗಮರ ಊಟ ಮುಗಿದ ಮೇಲೆ ಅಪ್ಪ ಗೋಡೆ ತಟ್ಟಿ, "ನಮ್ಮ ಮೀನಲ ತಗದ ನಕ್ಷಾರೀ! ನಿಲಂಗಾ, ಉದಗೀರದವರೂ ನೋಡಿ ಹೋಗ್ಯಾರ" ಅಂದ. ಮಂದಿಯ ಎದುರು ಅವನು ನನ್ನ ಹೆಸರು ಹೇಳಿದ್ದು ಇದೇ ಮೊದಲು.

"ಆಕಿ ಮಾತಾಡ್ತಾಳೇನ್ರೀ ಮಾಣಿಕಪ್ಪಾ, ಬರೇ ಗೆರಿ ಎಳೀತಾಳೋ?" ಅಂದರು ಅಣ್ಣನ ಮಾವ ಕಾಶೆಪ್ಪ. ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸದೆ ಮೇಲೆ ನೋಡುತ್ತಿದ್ದೆ. ನಡುವಿನ ತೊಲೆ ಹೊಟ್ಟೆ ಬಿಟ್ಟು ಕೆಳಗೆ ಬಾಗಿತ್ತು. ಅದು ಕೂತ ಗೋಡೆಯಲ್ಲಿ ನಿನ್ನೆ ಇರದ ಬಿರುಕು.

"ಪ್ರಾಜಕ್ತಾ, ದಣದೀದಿ. ಒಳಗ ತಂಪದ, ಒರಗು ಹೋಗವಾ" ಅಂದ ಅಪ್ಪ.

ಅತ್ತಿಗೆ ತುಂಬಿದ ಹೊಟ್ಟೆ ಹಿಡಿದುಕೊಂಡು ಹೋಗಿ ಅದೇ ತೊಲೆಯ ಕೆಳಗಿನ ಮಂಚಕ್ಕೆ ಕೂತಳು. ಮೇಲಿಂದ ಮಣ್ಣಿನ ಪುಡಿ ಹೆಗಲಿಗೆ ಉದುರಿತು. "ನಿಮ್ಮ ಮನಿ ನನಗ ಪೌಡರ್ ಹಚ್ಚಲಿಕತ್ತದ ನೋಡ್ರೀ" ಅಂತ ಕೊಡವಿಕೊಂಡು ದಿಂಬು ಎಳೆದಳು.

ಅಪ್ಪನ ಕೈ ಇನ್ನೂ ಗೋಡೆಯ ಮೇಲೇ ಇತ್ತು. ನಾನು ಎದ್ದೆ.

"ಪ್ರಾಜಕ್ತಾ ವೈನೀ, ಹೊರಗ ಬಾ. ಅಪ್ಪಾ, ಮಣ್ಣ ಭಾಳ ಆಗ್ಯದ, ತೊಲಿ ತಡ್ಯೂದಿಲ್ಲ. ಈ ಮಾಳಗಿ ಬೀಳ್ತದ."