ಎಡಗಾಲಿನ ಒಂಬತ್ತು ಗಂಟು

ನಾನು ಹಾಕಿ ಗೋಲ್‌ಕೀಪರ್ ಒಬ್ಬಳ ಎಡಗಾಲಿನ ಪ್ಯಾಡು. ಹುಟ್ಟಿದ್ದು ಜಲಂಧರದ ಒಂದು ತಗಡಿನ ಶೆಡ್ಡಿನಲ್ಲಿ. ದಪ್ಪ ಫೋಮಿನ ಹಲಗೆಯನ್ನು ಕಾದ ತಂತಿಯಿಂದ ಕೊಯ್ದು, ಬಾಗಿಸಿ, ಅಂಟು ಹಾಕಿ, ನನ್ನನ್ನೂ ಬಲಗಾಲಿನ ನನ್ನ ಅವಳಿಯನ್ನೂ ಒಂದೇ ದಿನ ಮಾಡಿದರು. ಅವಳಿ ಸಾಧು. ನಾನು ಹಾಗಲ್ಲ. ಪರೀಕ್ಷೆಗೆಂದು ಕೆಲಸಗಾರನೊಬ್ಬ ನನ್ನ ಮೇಲೆ ಚೆಂಡು ಎಸೆದ. ಅದು ತಿರುಗಿ ಅವನ ಗಲ್ಲಕ್ಕೇ ಬಡಿಯಿತು. ಅವನು ಬೈಯಲಿಲ್ಲ, ಗಲ್ಲ ಉಜ್ಜಿಕೊಳ್ಳುತ್ತ ನಕ್ಕ. ಬಂದದ್ದನ್ನು ಬಂದ ವೇಗದಲ್ಲೇ ಹಿಂದಕ್ಕೆ ಕೊಡುವುದು ನನ್ನ ಹುಟ್ಟುಗುಣ. ಕ್ಷಮಿಸುವ ಪ್ಯಾಡನ್ನು ಯಾರೂ ಕೊಳ್ಳುವುದಿಲ್ಲ.

ಹುಬ್ಬಳ್ಳಿಯ ಅಂಗಡಿಯಿಂದ ನನ್ನನ್ನು ಮನೆಗೆ ತಂದವಳು ಬೆಟಗೇರಿಯ ನೀಲಗಂಗಾ ಹಂಚಿನಮನಿ. ಎತ್ತರದ ಹುಡುಗಿ, ಮಾತು ಕಡಿಮೆ. ಅವಳ ತಾಯಿ ಗುರವ್ವ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುವವಳು. ನನ್ನ ಪಟ್ಟಿ ಸಡಿಲವೆಂದು ಕಂಡು, ಮಗ್ಗದ ಗಟ್ಟಿ ದಾರದಿಂದ ಅದನ್ನು ಹೊಲಿದು, ತುದಿಯಲ್ಲಿ ಒಂದು ಗೇಣು ಕೆಂಪು ದಾರ ಜೋತುಬಿಟ್ಟಳು. ನೇಕಾರರು ಹರಿದ ಎಳೆ ಕೂಡಿಸುವ ಗಂಟನ್ನು ಮಗಳು ಚಿಕ್ಕವಳಿದ್ದಾಗಲೇ ಕಲಿತಿದ್ದಳು. ಎಳೆದಷ್ಟೂ ಬಿಗಿಯಾಗುವ ಗಂಟು ಅದು.

ಮೈದಾನದಲ್ಲಿ ನಾನು ಮನುಷ್ಯರನ್ನು ನೋಡಿದ್ದೆಲ್ಲ ಮೊಣಕಾಲಿನಿಂದ ಕೆಳಗೆ. ನೀಲಗಂಗಾಳ ಕಾಲು ಎಂದೂ ಸುಳ್ಳು ಹೇಳಲಿಲ್ಲ. ಚೆಂಡು ಎಡಕ್ಕೆ ಬಂದರೆ ಅವಳು ಯೋಚಿಸುವ ಮೊದಲೇ ನಾನು ಅಲ್ಲಿರುತ್ತಿದ್ದೆ. ಆರು ವರ್ಷ ನಾವು ಮಹಿಳಾ ಲೀಗಿನ ಗದಗ ಗಿಡುಗ ತಂಡದ ಗೋಲು ಕಾದೆವು. ಮೊದಲ ಐದು ವರ್ಷ ಬೇಕೆಂದೇ ಬಿಟ್ಟುಕೊಟ್ಟದ್ದು ಒಂದೇ ರೀತಿಯ ಚೆಂಡನ್ನು. ಪಂದ್ಯಾವಳಿಯ ಉದ್ಘಾಟನೆಗೆ ಬಂದ ಮುಖ್ಯ ಅತಿಥಿ ಹಾರ ಹಾಕಿಕೊಂಡು, ಬೂಟು ಕಾಲಲ್ಲಿ ಬಂದು, ಸ್ಟಿಕ್ಕನ್ನು ಪೊರಕೆ ಹಿಡಿದಂತೆ ಹಿಡಿದು ಚೆಂಡು ತಳ್ಳುತ್ತಾನಲ್ಲ, ಅದನ್ನು. ಕೀಪರ್ ಆಚೆ ಕಡೆ ಬೀಳಬೇಕು, ಚೆಂಡು ಒಳಗೆ ಹೋಗಬೇಕು, ಜನ ಚಪ್ಪಾಳೆ ತಟ್ಟಬೇಕು. ಎಲ್ಲ ಊರಲ್ಲೂ ಇದೇ ಪದ್ಧತಿ. ಪ್ರತಿ ಸಲವೂ ನನ್ನ ಮೈ ಉರಿಯುತ್ತಿತ್ತು.

ಆರನೆಯ ವರ್ಷ ಪ್ರಭಾಕರ ಮುನವಳ್ಳಿ ಎಂಬ ಹೊಸ ಮ್ಯಾನೇಜರ್ ಬಂದ. ಕಂದು ಬಣ್ಣದ, ಕನ್ನಡಿಯಂತೆ ಹೊಳೆಯುವ ಬೂಟು. ಆ ವರ್ಷ ಐದು ಪಂದ್ಯ ಉಳಿದಿರುವಾಗಲೇ ನಮ್ಮ ತಂಡ ಸೆಮಿಫೈನಲ್ ಓಟದಿಂದ ಹೊರಬಿತ್ತು.

ಲೀಗಿನ ನಿಯಮವನ್ನು ಇಲ್ಲಿ ಹೇಳಲೇಬೇಕು. ಪ್ರತಿ ವರ್ಷ ಹೊಸ ಆಟಗಾರ್ತಿಯರನ್ನು ಎಂಟೂ ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತಿದ್ದವು. ಬಡ ತಂಡ ಮೇಲೇಳಲಿ ಎಂದು ಕೊನೆಯ ಸ್ಥಾನದವರಿಗೆ ಮೊದಲ ಸರದಿ. ಅದಕ್ಕಾಗಿ ಬೇಕೆಂದೇ ಸೋಲುವವರು ಹುಟ್ಟಿಕೊಂಡಾಗ ಲಾಟರಿ ಬಂತು. ಗಾಜಿನ ಡ್ರಮ್ಮಿನಲ್ಲಿ ಹತ್ತು ಚೆಂಡು: ಕೊನೆಯವರಿಗೆ ನಾಲ್ಕು, ಅವರ ಮೇಲಿನವರಿಗೆ ಮೂರು, ಎರಡು, ಒಂದು. ಮೊದಲು ಯಾರ ಚೆಂಡು ಬಂತೋ ಅವರದು ಮೊದಲ ಆಯ್ಕೆ. ಇದಕ್ಕೆ ಸುಧಾರಣೆ ಎಂದು ಹೆಸರಿಟ್ಟರು! ಕಳ್ಳನಿಗೆ ಬೀಗದ ಕೈ ಕೊಟ್ಟು, ಹತ್ತರಲ್ಲಿ ಆರು ಸಲ ಬಾಗಿಲು ತೆರೆಯಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡಂತೆ.

ಆ ವರ್ಷ ಎಲ್ಲರ ಕಣ್ಣೂ ಸಲೋಮಿ ಎಂಬ ಹೊಸ ಹುಡುಗಿಯ ಮೇಲಿತ್ತು. ಪೆನಾಲ್ಟಿ ಕಾರ್ನರ್‌ನಲ್ಲಿ ಅವಳು ಹೊಡೆದ ಚೆಂಡು ಕಣ್ಣಿಗೆ ಕಾಣುತ್ತಿರಲಿಲ್ಲ. ಮುನವಳ್ಳಿ ಡ್ರೆಸ್ಸಿಂಗ್ ರೂಮಿಗೆ ಬಂದು ನೀಲಗಂಗಾಳ ಎದುರು ಕುರ್ಚಿ ಎಳೆದುಕೊಂಡ.

"ಎಡಗಾಲು ಅರ್ಧ ಸೆಕೆಂಡ್ ತಡಾ ಆಗ್ಲಿ, ಸಾಕು," ಎಂದ.

"ಯಾಕ್ರಿ ಸರ?"

"ಕಡೇಕ ನಿಂತ್ರ ನಾಕು ಚೆಂಡು, ಗೆದ್ದು ಮ್ಯಾಲೆ ಹೋದ್ರ ಒಂದು. ಸಲೋಮಿ ನಮಗ ಬೇಕವಾ. ಉದ್ಘಾಟನಿ ದಿನಾ ಸಾಹೇಬ್ರ ಚೆಂಡು ಬಿಡತೀಯಲ್ಲ, ಹಂಗ ಅಂತ ತಿಳಕೋ."

"ನನ್ನಿಂದ ಆಗೂದಿಲ್ರಿ."

ಬೂಟು ಮೆಲ್ಲಗೆ ಅಲ್ಲಾಡಿತು. "ಭಾರತ ತಂಡದ ಶಿಬಿರಕ್ಕ ನಿನ್ನ ಹೆಸರು ಕಳಸಾವ ನಾನ. ಮರೀಬ್ಯಾಡ."

ಶಿಬಿರ ಅವಳ ಹದಿನೈದು ವರ್ಷದ ಕನಸು. ಅವಳ ಕಾಲು ಮೊದಲ ಬಾರಿಗೆ ನನ್ನೊಳಗೆ ನಡುಗಿತು. ನಾಲ್ಕು ಪಂದ್ಯಗಳಲ್ಲಿ ನಮ್ಮ ಎಡಗಡೆಯಿಂದ ಒಂಬತ್ತು ಚೆಂಡು ಒಳಗೆ ಹೋದವು. ನಾನು ಮುಂದಕ್ಕೆ ಹೋಗಲು ಹವಣಿಸುತ್ತಿದ್ದೆ, ಅವಳು ಹಿಡಿದು ನಿಲ್ಲಿಸುತ್ತಿದ್ದಳು. ಪ್ರತಿ ಪಂದ್ಯ ಮುಗಿದ ಮೇಲೆ ಗೋಡೆಗೆ ಮುಖ ಮಾಡಿ ಕೂತು, ಬಿಟ್ಟ ಗೋಲಿಗೊಂದರಂತೆ ನನ್ನ ಕೆಂಪು ದಾರದಲ್ಲಿ ನೇಕಾರರ ಗಂಟು ಹಾಕುತ್ತಿದ್ದಳು.

ಐದನೆಯ ಪಂದ್ಯ ನಮಗೂ ಹಾಸನದವರಿಗೂ. ಇಬ್ಬರೂ ತಳದಲ್ಲಿದ್ದವರು, ಇಬ್ಬರಿಗೂ ಸೋಲು ಬೇಕಾಗಿತ್ತು. ಅವರ ಮುನ್ನಡೆ ಆಟಗಾರ್ತಿ ಚೆಂಡು ತಂದು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು. ನೀಲಗಂಗಾ ಕದಲಲಿಲ್ಲ. ಅವಳೂ ಹೊಡೆಯಲಿಲ್ಲ. ಆಮೇಲೆ ಅವಳು ತಿರುಗಿ, ಚೆಂಡನ್ನು ತನ್ನ ಅಂಗಳಕ್ಕೇ ವಾಪಸ್ ಒಯ್ದಳು. ಗ್ಯಾಲರಿಯಿಂದ ಯಾರೋ ಕಿರುಚಿದರು: "ಏ, ಯಾರರ ಒಬ್ರು ಆಡ್ರಲೇ! ನಾವ್ ಬಂದು ಆಡೋಣೇನು?" ಶೇಂಗಾ ಸಿಪ್ಪೆ ನಮ್ಮ ಮೇಲೆ ಬಿತ್ತು. ಪಂದ್ಯ ಸೊನ್ನೆ ಸೊನ್ನೆಯಲ್ಲಿ ಮುಗಿಯಿತು. ನಾನು ತಡೆದ ಚೆಂಡು ಒಂದೂ ಇರಲಿಲ್ಲ.

ಗೋಲಿನ ಅಂತರದಲ್ಲಿ ನಾವೇ ಕೊನೆಯವರಾದೆವು. ಡ್ರಮ್ಮಿನಿಂದ ನಮ್ಮ ಚೆಂಡೇ ಬಂತು. ಸಲೋಮಿ ಬಂದಳು. ಅದೇ ವಾರ ಮುನವಳ್ಳಿ ನೀಲಗಂಗಾಳನ್ನು ತಂಡದಿಂದ ತೆಗೆದ. ಪತ್ರಿಕೆಯವರ ಮುಂದೆ, "ಆ ಹುಡುಗಿಗೆ ಎಡಗಡೆ ಚೆಂಡು ಕಾಣೂದ ಇಲ್ರಿ," ಎಂದ. ಶಿಬಿರದ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ಮನೆಗೆ ಬಂದ ಕಾಗದದಲ್ಲಿ ಕಾರಣವೆಂದು ಎರಡೇ ಪದ ಇದ್ದವು: ಎಡಗಾಲು ನಿಧಾನ.

ನಿಧಾನ! ನನ್ನನ್ನು! ಅಂದು ನನ್ನೊಳಗೆ ಹೊತ್ತಿಕೊಂಡದ್ದು ಇಂದಿಗೂ ಆರಿಲ್ಲ. ಗುರವ್ವನ ಮಗ್ಗದ ಪಕ್ಕದ ಗೂಟಕ್ಕೆ ನೇತುಬಿದ್ದು, ಆ ಕಂದು ಬೂಟನ್ನೇ ನೆನೆಯುತ್ತ ಹಲ್ಲಿಲ್ಲದೆಯೂ ಹಲ್ಲು ಕಡಿದೆ.

ಶೇಂಗಾ ಸಿಪ್ಪೆಯ ಪಂದ್ಯದಿಂದ ಲೀಗಿನ ಮಾನ ಹೋಗಿತ್ತು. ನಿಯಮ ಬದಲಿಸಲು ಹುಬ್ಬಳ್ಳಿಯಲ್ಲಿ ಸಭೆ ಕರೆದರು. ಹಳೆಯ ಅಂಪೈರ್ ವಿಮಲಾಬಾಯಿ ಅಧ್ಯಕ್ಷೆ. ನೀಲಗಂಗಾ ನನ್ನನ್ನು ಚೀಲದಲ್ಲಿ ಒಯ್ದು, ಮೇಜಿನ ಮೇಲೆ ಇಟ್ಟಳು. ಲೀಗಿನವರ ಮುಖಗಳನ್ನು ನಾನು ನೋಡಿದ್ದು ಅದೇ ಮೊದಲ ಸಲ. ಮುನವಳ್ಳಿಯ ಮುಖ ಅವನ ಬೂಟಿನಷ್ಟು ಹೊಳೆಯುತ್ತಿರಲಿಲ್ಲ.

"ಒಂಬತ್ತು ಗಂಟು ಅದಾವ್ರಿ. ಗೋಲಿಗೊಂದು. ಒಂಬತ್ತೂ ಗೋಲು ಮುನವಳ್ಳಿ ಸರ ಹೇಳಿ ಬಿಡಿಸಿದ್ದು," ಎಂದಳು.

"ದಾರ ಬಂದು ಸಾಕ್ಷಿ ಹೇಳ್ತೈತೇನ್ರಿ?" ಎಂದು ಮುನವಳ್ಳಿ ನಕ್ಕ.

ವಿಮಲಾಬಾಯಿ ದಾರವನ್ನು ಬೆರಳಲ್ಲಿ ಹಿಡಿದು ನೋಡಿದರು. "ಇದರ ಮ್ಯಾಲೆ ಶಿಕ್ಷೆ ಕೊಡಾಕ ಬರೂದಿಲ್ಲವಾ."

"ಶಿಕ್ಷೆ ಬ್ಯಾಡ್ರಿ. ನಿಯಮ ಕೊಡ್ರಿ. ತಂಡ ಓಟದಿಂದ ಹೊರಗ ಬಿದ್ದ ದಿನದಿಂದ ಲೆಕ್ಕ ಹಿಡೀರಿ. ಅಲ್ಲಿಂದ ಮುಂದ ಗೆದ್ದ ಪಂದ್ಯಕ್ಕ ಒಂದೊಂದು ಚೆಂಡು ಡ್ರಮ್ಮಿಗೆ ಹಾಕ್ರಿ. ಸೋತ್ರ ಒಂದೂ ಇಲ್ಲ."

"ಖರೇನ ಬಡ ತಂಡದ ಗತಿ ಏನು?" ಮುನವಳ್ಳಿ ಎದ್ದು ನಿಂತ.

"ಬಡ ತಂಡ ಎಲ್ಲಾರಕಿಂತ ಮೊದಲ ಹೊರಗ ಬೀಳ್ತೈತ್ರಿ. ಚೆಂಡು ಗಳಸಾಕ ಅವರಿಗೇ ಹೆಚ್ಚು ಪಂದ್ಯ ಸಿಗ್ತಾವು."

ವಿಮಲಾಬಾಯಿ ಮತಕ್ಕೆ ಹಾಕಿದರು. ಕೈಗಳು ಮೇಲೆದ್ದವು. ಏಳು ತಂಡ ಒಪ್ಪಿದವು, ಒಂದು ಒಪ್ಪಲಿಲ್ಲ.

ಆ ಒಂದು ತಂಡಕ್ಕೆ ಕಾರಣವಿತ್ತು. ಮುಂದಿನ ವರ್ಷವೂ ಆರಾಮಾಗಿ ಸೋಲಲೆಂದು ಮುನವಳ್ಳಿ ಒಳ್ಳೆಯ ಆರು ಆಟಗಾರ್ತಿಯರನ್ನು ಆಗಲೇ ಬೇರೆ ತಂಡಗಳಿಗೆ ಬಿಟ್ಟುಕೊಟ್ಟಿದ್ದ. ಹೊಸ ನಿಯಮದ ವರ್ಷ ಗಿಡುಗ ತಂಡ ಎಲ್ಲರಿಗಿಂತ ಮೊದಲು ಹೊರಬಿತ್ತು. ಗೆಲ್ಲಲು ಏಳು ಪಂದ್ಯ ಉಳಿದಿದ್ದವು. ಈಗ ಗೆಲ್ಲಿರಿ ಎಂದು ಅವನು ಅಂಚಿನಲ್ಲಿ ನಿಂತು ಗಂಟಲು ಹರಿದುಕೊಂಡ. ಸೋಲುವುದನ್ನು ಅಷ್ಟು ಚೆನ್ನಾಗಿ ಕಲಿಸಿದ್ದ ತಂಡ ಏಳನ್ನೂ ಸೋತಿತು. ಸಲೋಮಿ ಒಬ್ಬಳೇ ಎಷ್ಟೆಂದು ಹೊಡೆದಾಳು? ಲಾಟರಿಯ ದಿನ ಗುರವ್ವ ಮಗ್ಗ ನಿಲ್ಲಿಸಿ ಟಿವಿ ಹಚ್ಚಿದಳು. ಡ್ರಮ್ಮು ತಿರುಗಿತು. ಅದರಲ್ಲಿ ಗದಗದ ಚೆಂಡು ಒಂದೂ ಇರಲಿಲ್ಲ. ಗೂಟದ ಮೇಲಿದ್ದ ನನ್ನ ಹೊಟ್ಟೆ ಸ್ವಲ್ಪ ತಣ್ಣಗಾಯಿತು, ಪೂರ್ತಿ ಅಲ್ಲ. ತಂಡದ ಮಾಲೀಕರು ಮುನವಳ್ಳಿಯನ್ನು ಮನೆಗೆ ಕಳಿಸಿದರು.

ನೀಲಗಂಗಾಳನ್ನು ಮಾತ್ರ ಯಾವ ಶಿಬಿರಕ್ಕೂ ಯಾರೂ ಕರೆಯಲಿಲ್ಲ. ನಿಯಮ ಬದಲಾಯಿತು, ಕಾಗದದ ಮೇಲಿನ ಆ ಎರಡು ಪದ ಬದಲಾಗಲಿಲ್ಲ. ಅವಳು ಬೆಟಗೇರಿಯ ಮೈದಾನದಲ್ಲಿ ಹುಡುಗಿಯರಿಗೆ ಆಟ ಕಲಿಸತೊಡಗಿದಳು. ಹನ್ನೊಂದು ವರ್ಷ ನಾನು ಎಷ್ಟೋ ಎಳೆಯ ಕಾಲುಗಳಿಗೆ ಏರಿದೆ. ಅಂಚು ಸವೆಯಿತು, ಫೋಮು ಹಳದಿಯಾಯಿತು. ಗಂಟು ಬಿಚ್ಚಲು ಕೆಲವರು ನೋಡಿದರು, ಅವರ ಉಗುರು ಮುರಿಯಿತೇ ಹೊರತು ಗಂಟು ಬಿಚ್ಚಲಿಲ್ಲ.

ಹೋದ ವರ್ಷ ಮೈದಾನದಲ್ಲಿ ಹುಡುಗಿಯರ ಪಂದ್ಯಾವಳಿ ನಡೆಯಿತು. ಮುಖ್ಯ ಅತಿಥಿ ಯಾರೆಂದು ಹೇಳಲೇ? ಈಗ ಕ್ರೀಡಾ ಸಂಘವೊಂದರ ಉಪಾಧ್ಯಕ್ಷನಾಗಿದ್ದ ಪ್ರಭಾಕರ ಮುನವಳ್ಳಿ. ಅಂಥವರು ಎಲ್ಲಿಗೆ ಹೋಗುತ್ತಾರೆ, ಹಾರ ಹಾಕಿಕೊಂಡು ವೇದಿಕೆಗೇ ಬರುತ್ತಾರೆ. ಅವನ ಹೆಸರು ಕೇಳಿದ ಕೂಡಲೇ ನೀಲಗಂಗಾ ನನ್ನನ್ನು ಗೂಟದಿಂದ ಇಳಿಸಿ, ಧೂಳು ಒರೆಸಿ, ತಾನೇ ಕಾಲಿಗೆ ಕಟ್ಟಿಕೊಂಡಳು. ಮೊಣಕಾಲು ದಪ್ಪವಾಗಿತ್ತು. ನಡುಕ ಇರಲಿಲ್ಲ.

ಅವನು ಅವಳನ್ನು ಗುರುತು ಹಿಡಿದ. "ಏನವಾ, ಇನ್ನೂ ಗೋಲಿನ್ಯಾಗ ಇದ್ದೀ?" ಎಂದು ನಗುತ್ತ, ಎಡಗಡೆಯನ್ನೇ ಆರಿಸಿ ಚೆಂಡು ತಳ್ಳಿದ. ಫೋಟೋದವರು ಸಜ್ಜಾಗಿದ್ದರು. ಚಪ್ಪಾಳೆಗೆ ಕೈಗಳು ಎದ್ದಿದ್ದವು. ಅವಳು ಆಚೆ ಬೀಳಲಿಲ್ಲ. ನಾನು ಹೋದೆ. ಹನ್ನೆರಡು ವರ್ಷ ಕಾದ ಅರ್ಧ ಸೆಕೆಂಡನ್ನು ಒಟ್ಟಿಗೇ ತೆಗೆದುಕೊಂಡು ಹೋದೆ. ಚೆಂಡು ನನಗೆ ಬಡಿದು ತಿರುಗಿ ಹೋಗಿ, ಹೊಳೆಯುವ ಬೂಟಿನ ಮೇಲೆ ಠಕ್ ಎಂದಿತು. ಅವನು ಕಾಲು ಹಿಡಿದು ಕುಂಟಿದ. ಆಮೇಲೆ ಹುಡುಗಿಯರು ಶುರು ಮಾಡಿದ ಚಪ್ಪಾಳೆ ನಿಲ್ಲಲೇ ಇಲ್ಲ.

"ಏನಿದು? ಹಿಂಗ ಮಾಡ್ತಾರೇನು?" ಎಂದು ಅವನು ಗುಡುಗಿದ.

"ಎಡಗಾಲ್ರಿ ಸರ," ಎಂದಳು ನೀಲಗಂಗಾ. "ತಡಾ ಆಗ್ಲೇ ಇಲ್ಲ."

ಸಂಜೆ ಗುರವ್ವ ಮಗ್ಗದ ಸೂಜಿ ತಂದು ಗಂಟು ಬಿಚ್ಚತೊಡಗಿದಳು. ಬೆವರು ಕುಡಿದು ಕಲ್ಲಾಗಿದ್ದ ಮೊದಲ ಗಂಟು ಬಿಚ್ಚಲು ಅರ್ಧ ತಾಸು ಹಿಡಿಯಿತು. ಮುದುಕಿ ಎರಡನೆಯದಕ್ಕೆ ಸೂಜಿ ಹಾಕಿದಾಗ ಮಗಳು ಅವಳ ಕೈ ಹಿಡಿದಳು. "ತಡದ ಚೆಂಡು ಒಂದ. ಒಂದಕ್ಕ ಒಂದ ಬಿಚ್ಚಬೇಕವ್ವ. ಉಳದದ್ದು ಇರ್ಲಿ."

ನಾನೀಗ ಮತ್ತೆ ಅದೇ ಗೂಟದಲ್ಲಿದ್ದೇನೆ. ಕೆಳಗೆ ಮಗ್ಗದ ಲಾಳಿ ಹೋಗಿ ಬರುತ್ತಿರುತ್ತದೆ. ನೋಡಲು ಬಂದವರು, ಇಷ್ಟು ಹಳೆಯದನ್ನು ಯಾಕೆ ಎಸೆದಿಲ್ಲ ಎನ್ನುತ್ತಾರೆ. ಸಿಟ್ಟು ಬಿಟ್ಟರೆ ಮನಸ್ಸು ಹಗುರಾಗುತ್ತದಂತೆ. ಇರಬಹುದು. ಆದರೆ ನಾನು ಹಗುರಾಗಲು ಹುಟ್ಟಿದವನಲ್ಲ, ತಿರುಗಿಸಿ ಕೊಡಲು ಹುಟ್ಟಿದವನು. ಮುನವಳ್ಳಿಯನ್ನು ಈ ವರ್ಷದ ಉದ್ಘಾಟನೆಗೂ ಕರೆಯಬೇಕೆಂದು ನೀಲಗಂಗಾ ನಿನ್ನೆಯೇ ಪತ್ರ ಬರೆದು ಹಾಕಿದ್ದಾಳೆ. ದಾರದಲ್ಲಿ ಇನ್ನೂ ಎಂಟು ಗಂಟು ಇವೆ.