ಎಕೋ ಬರ್ತಿದೆಯಾ

ಆ ಆಂಪ್ಲಿಫೈಯರಿನ ಬೆನ್ನಿಗೆ ಮುಚ್ಚಳವಿರಲಿಲ್ಲ. ಹಿಂದಿನಿಂದ ಬಗ್ಗಿ ನೋಡಿದರೆ ಸಾಲಾಗಿ ನಿಂತ ಗಾಜಿನ ವಾಲ್ವುಗಳು ಕಾಣುತ್ತಿದ್ದವು. ಸ್ವಿಚ್ ಒತ್ತಿ ಸ್ವಲ್ಪ ಹೊತ್ತು ಕಾದರೆ ಅವುಗಳ ಹೊಟ್ಟೆಯಲ್ಲಿ ಕಿತ್ತಳೆ ಬಣ್ಣದ ಬೆಳಕು ಮೂಡುತ್ತಿತ್ತು, ಊದಿದಾಗ ಕೆಂಡ ಕಣ್ಣು ಬಿಡುವ ಹಾಗೆ. ಮದುವೆಯಾಗಿ ಆ ಮನೆಗೆ ಹೋದ ವಾರವೇ ನನ್ನ ಗಂಡ ಚಂದ್ರಹಾಸ ನನ್ನನ್ನು ಅದರ ಹಿಂದೆ ಕೂರಿಸಿ ಆ ಬೆಳಕನ್ನು ತೋರಿಸಿದ. ಎದುರಿಗಿದ್ದಾಗ ಅವನನ್ನು ಬಹುವಚನದಲ್ಲೇ ಮಾತಾಡಿಸಿದ್ದೇನೆ. ಇಲ್ಲಿ ಅಷ್ಟು ಮರ್ಯಾದೆ ಬೇಡ.

"ಒಂದು ವಿಷಯ ನೆನಪಿಟ್ಕೋ," ಎಂದ. "ಸ್ಪೀಕರ್ ವೈರು ಸಿಕ್ಕಿಸದೆ ಇದನ್ನ ಯಾವತ್ತೂ ಆನ್ ಮಾಡ್ಬಾರ್ದು. ಒಳಗಿರೋ ಶಕ್ತಿ ಎಲ್ಲಿಗಾದ್ರೂ ಹೋಗ್ಲೇಬೇಕು. ಹೋಗೋಕೆ ದಾರಿ ಸಿಗ್ಲಿಲ್ಲ ಅಂದ್ರೆ ಒಳಗೊಳಗೇ ಸುಟ್ಕೊಂಡು ಸಾಯುತ್ತೆ."

"ಹೆಂಡ್ತಿಗೆ ಹೇಳಿಕೊಡೋ ಮೊದಲ ಪಾಠ ಇದೇನಾ?" ಎಂದು ನಾನು ನಕ್ಕೆ. ಅವನು ನಗಲಿಲ್ಲ. ಆ ಪೆಟ್ಟಿಗೆಯ ವಿಷಯದಲ್ಲಿ ತಮಾಷೆ ಅವನಿಗೆ ಆಗುತ್ತಿರಲಿಲ್ಲ.

ನಾವಿಬ್ಬರೂ ದಯಾಶಂಕರ ಮಾಸ್ಟ್ರ ಆರ್ಕೆಸ್ಟ್ರಾದಲ್ಲಿದ್ದೆವು. ಅವನು ಗಿಟಾರು, ನಾನು ಹಾಡು. ಮದುವೆಯ ಆರತಕ್ಷತೆ, ಗಣಪತಿ ಪೆಂಡಾಲು, ಸಂಘದ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಹೋಗುತ್ತಿದ್ದೆವು. ವಾಲ್ವಿನ ಪೆಟ್ಟಿಗೆ ಗಟ್ಟಿಯಾಗಿ ಕೂಗಿದರೆ ಮಾತ್ರ ಅದಕ್ಕೆ ನಿಜವಾದ ದನಿ ಬರುತ್ತದೆ ಎನ್ನುವುದು ಚಂದ್ರಹಾಸನ ವಾದ. ಅದನ್ನು ಎಡಗಡೆ ಕಿವಿಯ ಮಟ್ಟಕ್ಕೆ ಸ್ಟೂಲಿನ ಮೇಲೆ ಇಟ್ಟುಕೊಂಡು ದನಿ ಏರಿಸುವ ಗುಬುಟು ತಿರುಗಿಸಿದನೆಂದರೆ ಮುಂದಿನ ಸಾಲಿನವರು ಎದ್ದು ಹಿಂದೆ ಹೋಗುತ್ತಿದ್ದರು.

"ಸ್ವಲ್ಪ ಕಮ್ಮಿ ಮಾಡಪ್ಪಾ, ಹಾಡೋ ಅಮ್ಮನ ದನಿ ಕೇಳಿಸ್ತಾ ಇಲ್ಲ," ಎಂದು ಮಾಸ್ಟ್ರು ಹಾರ್ಮೋನಿಯಮ್ಮಿನಿಂದಲೇ ಕೈಸನ್ನೆ ಮಾಡುತ್ತಿದ್ದರು.

"ಕಮ್ಮಿ ಮಾಡಿದ್ರೆ ಟೋನ್ ಸತ್ತುಹೋಗುತ್ತೆ ಮಾಸ್ಟ್ರೇ," ಎನ್ನುತ್ತಿದ್ದ. ನನ್ನ ದನಿ ಸತ್ತರೆ ಅವನಿಗೇನೂ ಅಡ್ಡಿಯಿರಲಿಲ್ಲ.

ನನ್ನನ್ನು ಕಾಪಾಡುತ್ತಿದ್ದದ್ದು ಆರ್ಕೆಸ್ಟ್ರಾದ ಎಕೋ ಪೆಟ್ಟಿಗೆ. ಅದರೊಳಗೆ ಒಂದು ಟೇಪು ಸುತ್ತುತ್ತಿರುತ್ತಿತ್ತು. ಮೈಕಿನಲ್ಲಿ ಹಾಡಿದ್ದನ್ನು ಹಿಡಿದಿಟ್ಟುಕೊಂಡು, ಅರೆಗಳಿಗೆ ತಡೆದು, ಮತ್ತೆ ಮತ್ತೆ ಹೇಳುತ್ತ ಕರಗುತ್ತಿತ್ತು. ಇಡೀ ತಂಡಕ್ಕೆ ಇದ್ದದ್ದು ಅದೊಂದೇ, ಅದು ನನ್ನ ಮೈಕಿಗೆ ಮೀಸಲು. "ಒನ್ಸ್ ಮೋರ್" ಎಂಬ ಕೂಗು ಬರುತ್ತಿದ್ದದ್ದೂ ನನ್ನ ಹಾಡಿಗೇ. ಆಗೆಲ್ಲ ಚಂದ್ರಹಾಸ ಬಗ್ಗಿ ಗಿಟಾರಿನ ತಂತಿ ಬಿಗಿಮಾಡುವ ನೆಪ ಹುಡುಕುತ್ತಿದ್ದ.

ಒಂದು ಚಳಿಗಾಲ ನನ್ನ ಗಂಟಲು ಕೈಕೊಟ್ಟಿತು. ಮೇಲಿನ ಸ್ವರಕ್ಕೆ ಹೋದರೆ ದನಿ ಬಿರಿದು, ಬರೀ ಗಾಳಿ ಬರುತ್ತಿತ್ತು. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಒಳಗೆ ಗಂಟಾಗಿದೆ, ಒಂದಷ್ಟು ತಿಂಗಳು ಹಾಡಲೇಬೇಡಿ ಎಂದರು. ಪಕ್ಕದಲ್ಲಿ ಚಂದ್ರಹಾಸ ಒಬ್ಬನೇ ಇದ್ದ. ತಂಡದಲ್ಲಿ ಮತ್ತೆ ಯಾರಿಗೂ ನಾವು ಹೇಳಲಿಲ್ಲ. ಹೇಳುವ ಹಾಗೂ ಇರಲಿಲ್ಲ. ಬೇಸಿಗೆಯ ಕೊನೆಗೆ ಕಲಾಭವನದಲ್ಲಿ ದೊಡ್ಡ ಕಾರ್ಯಕ್ರಮವಿತ್ತು. ಮುಂದಿನ ವರ್ಷ ಮುಖ್ಯ ಗಾಯಕಿ ಯಾರೆಂದು ಮಾಸ್ಟ್ರು ಅದಾದ ಮೇಲೆ ತೀರ್ಮಾನಿಸುವವರಿದ್ದರು. ಕೋರಸ್ಸಿನಲ್ಲಿ ಶೈಲಜಾ ಎಂಬ ಹೊಸ ಹುಡುಗಿ ಆಗಲೇ ಬಂದು ಕೂತಿದ್ದಳು. ಅದೊಂದು ದಿನ ದಾಟಿಬಿಟ್ಟರೆ ಮಳೆಗಾಲ, ಕಾರ್ಯಕ್ರಮಗಳಿಲ್ಲ, ಗಂಟಲಿಗೆ ಬೇಕಾದಷ್ಟು ರಜೆ. ಜಾಗ ಹೋದರೆ ಮಾತ್ರ ಮತ್ತೆ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಹಾಗಾಗಿ ಒಂದು ಉಪಾಯ ಮಾಡಿಕೊಂಡೆ. ಸಾಲನ್ನು ಪೂರ್ತಿ ಎಳೆಯುತ್ತಿರಲಿಲ್ಲ. ದನಿ ಬಿರಿಯುವ ಜಾಗ ಬರುವ ಮೊದಲೇ ನಿಲ್ಲಿಸಿ, ಮೈಕಿನಿಂದ ಮುಖ ತಿರುಗಿಸಿ ಉಸಿರು ತೆಗೆದುಕೊಳ್ಳುತ್ತಿದ್ದೆ. ಉಳಿದ ಬಾಲವನ್ನು ಎಕೋ ಎಳೆದುಕೊಂಡು ಹೋಗುತ್ತಿತ್ತು. ಕೇಳುವವರಿಗೆ ನಾನೇ ಆಲಾಪ ತೆಗೆದಂತೆ ಅನ್ನಿಸುತ್ತಿತ್ತು. ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು ಮನೆಯಲ್ಲಿ ಅಭ್ಯಾಸ ಮಾಡುವಾಗ ಚಂದ್ರಹಾಸ ಎದುರಿಗೇ ಕೂತು ಕೇಳುತ್ತಿದ್ದ. "ಇನ್ನೊಂಚೂರು ಮುಂಚೆ ನಿಲ್ಸು, ಒಡಕು ಗೊತ್ತಾಗುತ್ತೆ," ಎಂದು ತಿದ್ದಿದ್ದೂ ಉಂಟು. ಆಗ ಅವನ ಮೇಲೆ ಪ್ರೀತಿ ಉಕ್ಕಿ ಬಂದಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಅದೇ ಹೊತ್ತಿಗೆ ಅವನಿಗೂ ಎಕೋ ಹುಚ್ಚು ಹಿಡಿಯಿತು. ಗಿಟಾರಿಗೆ ರಿವರ್ಬ್ ಬೇಕು, ದನಿ ಖಾಲಿ ಛತ್ರದಲ್ಲಿ ಹರಡಿದ ಹಾಗಿರಬೇಕು ಎಂದು ಒಂದು ತಗಡಿನ ತಟ್ಟೆಯಲ್ಲಿ ಸ್ಪ್ರಿಂಗುಗಳನ್ನು ಕಟ್ಟಿ ಆಂಪ್ಲಿಫೈಯರಿನ ನೆತ್ತಿಯ ಮೇಲಿಟ್ಟ. ಅದರ ಅಬ್ಬರಕ್ಕೆ ಸ್ಪ್ರಿಂಗುಗಳೇ ನಡುಗಿ, ಆ ನಡುಕವೂ ಸ್ಪೀಕರಿನಲ್ಲಿ ಬಂದು, ಬೀದಿಯ ನಾಯಿಗಳೆಲ್ಲ ಮನೆ ಮುಂದೆ ಸೇರಿದವು. ಆಮೇಲೆ ಅಭ್ಯಾಸಕ್ಕೆಂದು ತಂದಿದ್ದ ತಂಡದ ಎಕೋ ಪೆಟ್ಟಿಗೆಯನ್ನು ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಸಿಕ್ಕಿಸಿ ನೋಡಿದ. ಅದೂ ಕಲಸುಮೇಲೋಗರವಾಯಿತು. ಮೆತ್ತಗೆ ಕರಗಬೇಕಾದ ಮಾರುದನಿಯನ್ನೂ ವಾಲ್ವುಗಳು ಎತ್ತಿ ಎತ್ತಿ ಕೂಗಿಸುತ್ತಿದ್ದವು. ಯಾವುದು ಮೊದಲು ನುಡಿಸಿದ್ದು, ಯಾವುದು ಅದರ ನೆರಳು ಎಂದು ತಿಳಿಯುತ್ತಿರಲಿಲ್ಲ.

ಆದರೆ ಅವನು ಬಿಡುವ ಪೈಕಿಯಲ್ಲ. ಆಂಪ್ಲಿಫೈಯರಿನ ಹೊಟ್ಟೆ ಬಗೆದು ನೋಡಿದ. ಮುಂದಿನ ವಾಲ್ವುಗಳು ದನಿಯನ್ನು ಕೆರಳಿಸುತ್ತವೆ, ಹಿಂದಿನ ದೊಡ್ಡ ವಾಲ್ವುಗಳು ಅದಕ್ಕೆ ಬಲ ಕೊಡುತ್ತವೆ, ಎಕೋ ಸೇರಬೇಕಾದ್ದು ಅವೆರಡರ ನಡುವೆ ಎಂದು ಕಂಡುಕೊಂಡ. ಅಲ್ಲಿಂದ ಎರಡು ವೈರು ಹೊರಗೆಳೆದು ಎಕೋ ಪೆಟ್ಟಿಗೆಗೆ ಜೋಡಿಸಿದ. ಆವತ್ತು ಅವನು ಒಂದೇ ಒಂದು ತಂತಿ ಮೀಟಿದ. ಆ ಸ್ವರ ಕೋಣೆಯನ್ನೆಲ್ಲ ತುಂಬಿ, ಹಿಂದಿರುಗಿ, ಮತ್ತೆ ಹೋಗಿ, ಎಲ್ಲೋ ದೂರದಲ್ಲಿ ಕರಗಿತು. ಸುಳ್ಳು ಯಾಕೆ ಹೇಳಲಿ, ತುಂಬ ಚೆನ್ನಾಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಎಕೋ ಪೆಟ್ಟಿಗೆ ಒಂದೇ ಇದೆ ಎನ್ನುವುದು ಆಗ ನನಗೆ ಹೊಳೆಯಲೇ ಇಲ್ಲ.

ಕಲಾಭವನ ತುಂಬಿತ್ತು. ನನ್ನ ಹಾಡು ಒಂದು ವಿರಹದ ಹಾಡು, ನಿಧಾನದ್ದು. ಮೊದಲ ಸಾಲನ್ನು ಹಾಡಿ, ಅಭ್ಯಾಸದ ಜಾಗದಲ್ಲಿ ಕತ್ತರಿಸಿ, ಮುಖ ತಿರುಗಿಸಿ ಉಸಿರು ತೆಗೆದುಕೊಂಡೆ. ಎಕೋ ಬರಲಿಲ್ಲ. ಮಾತು ಮರೆತವಳ ಹಾಗೆ ನಿಂತಿದ್ದೆ, ಸಭೆಯೆಲ್ಲ ನನ್ನನ್ನೇ ನೋಡುತ್ತಿತ್ತು. ಮರುಕ್ಷಣ ಹಿಂದಿನಿಂದ ಗಿಟಾರು ಬಂತು, ಅಲೆ ಅಲೆಯಾಗಿ, ಮೊನ್ನೆ ಮನೆಯಲ್ಲಿ ಕೇಳಿದ ಅದೇ ದನಿ. ತಿರುಗಿ ನೋಡಿದೆ. ಆಂಪ್ಲಿಫೈಯರಿನ ಪಕ್ಕದಲ್ಲಿ ಟೇಪು ಸುತ್ತುತ್ತಿತ್ತು. ಚಂದ್ರಹಾಸ ವಾಲ್ವುಗಳ ಬೆಳಕಿನಿಂದ ಕಣ್ಣೆತ್ತಲಿಲ್ಲ.

ಎರಡನೆಯ ಸಾಲನ್ನು ಪೂರ್ತಿ ಹಾಡಲೇಬೇಕಾಯಿತು. ಮೇಲಿನ ಸ್ವರದಲ್ಲಿ ದನಿ ಹರಿದ ಬಟ್ಟೆಯ ಹಾಗೆ ಪರ್ರೆಂದಿತು. ಯಾರೋ ಅದೇ ದನಿಯಲ್ಲಿ ಅಣಕಿಸಿದರು. ಸುತ್ತ ಕೂತವರು ನಕ್ಕರು, ನಗು ಹಿಂದಿನ ಸಾಲಿನವರೆಗೆ ಹೋಯಿತು. ಗಿಟಾರು ನಿಲ್ಲಲಿಲ್ಲ. ಮಾಸ್ಟ್ರು ಶೈಲಜಾಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಅವಳು ಬಂದು ನನ್ನ ಮೈಕನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡು ಮೂರನೆಯ ಸಾಲಿನಿಂದ ಹಾಡಿದಳು. ಪೆಟ್ಟಿಗೆಯ ನೆರವಿಲ್ಲದೆ ಸಲೀಸಾಗಿ ಹಾಡಿದಳು, ಪುಣ್ಯಾತ್ಗಿತ್ತಿ.

ರಂಗದ ಹಿಂದೆ ಮಾಸ್ಟ್ರು ನನ್ನ ಹತ್ತಿರ ಬಂದರು. ಅವರಿಗೆ ಸಿಟ್ಟಿಗಿಂತ ಬೇಸರ ಹೆಚ್ಚಾಗಿತ್ತು.

"ಯಾಕಮ್ಮಾ ಹೀಗ್ ಮಾಡ್ಕೊಂಡ್ರಿ? ಎಕೋ ಬೇಡ, ಸ್ವಂತ ದನೀಲೇ ಹಾಡ್ತೀನಿ ಅಂತ ಹಠ ಹಿಡಿದ್ರಂತೆ. ನಾನು ಬೇಡವೇ ಬೇಡ ಅಂದೆ. 'ಅವಳ ಜಂಬ ನಿಮಗೆ ಗೊತ್ತಿಲ್ಲ ಮಾಸ್ಟ್ರೇ' ಅಂತ ಚಂದ್ರಹಾಸನೇ ನನ್ ಬಾಯಿ ಮುಚ್ಚಿಸ್ದ."

ಅದು ಸುಳ್ಳೆಂದರೆ ಗಂಟಲಿನ ಗುಟ್ಟನ್ನೂ ಹೇಳಬೇಕಾಗುತ್ತಿತ್ತು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ನಾನು ಹಾಗಂತ ಯಾವಾಗ ಹೇಳ್ದೆ ರೀ?"

"ನೀನು ಹೇಳ್ಲಿಲ್ಲ," ಎಂದ, ಗಿಟಾರಿನ ಚೀಲ ಬಿಚ್ಚುತ್ತ. "ಇಷ್ಟು ದಿನ ಹಾಡಿದ್ದು ಆ ಪೆಟ್ಟಿಗೆ ಕಣೇ. ಚಪ್ಪಾಳೆ ಮಾತ್ರ ನಿಂಗೆ. ಜನಕ್ಕೆ ಒಂದ್ಸಲ ಗೊತ್ತಾಗ್ಲಿ ಅಂತ." ಆಮೇಲೆ ನಿಜವಾದ ಕುತೂಹಲದಿಂದ ಮುಖವೆತ್ತಿದ. "ಅದಿರ್ಲಿ, ಮುಂದೆ ನಿಂತಿದ್ಯಲ್ಲ, ಹೇಳು. ಎಕೋ ಚೆನ್ನಾಗಿ ಬರ್ತಿತ್ತಾ?"

"ಬರ್ತಿತ್ತು," ಎಂದೆ. ಅನ್ನಕ್ಕೆ ಇಡಲು ಒಳಗೆ ಹೋದೆ.

ಗಂಟಲಿನ ಗಂಟು ಹೋಯಿತು, ದನಿ ಮರಳಲಿಲ್ಲ. ಮಾಸ್ಟ್ರು ನನ್ನನ್ನು ಮತ್ತೆ ಕರೆಯಲಿಲ್ಲ. ಚಂದ್ರಹಾಸ ಬಹಳ ವರ್ಷ ಮೆರೆದ. ಆಮೇಲೆ ಅವನ ಎಡಗಿವಿ ಹೋಯಿತು, ಅದರ ಹಿಂದೆಯೇ ಬಲಗಿವಿಯೂ ಹೋಯಿತು. ಅವನು ಒಪ್ಪಿಕೊಳ್ಳಲಿಲ್ಲ. ಗುಬುಟನ್ನೇ ಇನ್ನಷ್ಟು ತಿರುಗಿಸುತ್ತ ಹೋದ. ಕೊನೆಗೊಂದು ದಿನ ಮಾಸ್ಟ್ರು ಅವನನ್ನೂ ಮನೆಗೆ ಕಳಿಸಿದರು. ಯಾರಿಗೂ ಬೇಡವಾಗಿದ್ದ ಹಳೆಯ ಎಕೋ ಪೆಟ್ಟಿಗೆಯನ್ನು ಅವನು ಕೇಳಿ ತಂದುಕೊಂಡ. ದಿನಾ ಮಧ್ಯಾಹ್ನ ನಡುಮನೆಯಲ್ಲಿ ಕೂತು ನುಡಿಸುವುದು, ಅಕ್ಕಪಕ್ಕದವರು ದಡದಡ ಕಿಟಕಿ ಮುಚ್ಚುವುದು, ಇದೇ ನಡೆಯಿತು. ಗಟ್ಟಿಯಾಗಿ ನುಡಿಸಿದರೆ ಎದೆಗೆ ಅದುರು ತಾಗುತ್ತಿತ್ತಂತೆ. ಮಾರುದನಿ ಮಾತ್ರ ಅವನಿಗೆ ಎಳ್ಳಷ್ಟೂ ಮುಟ್ಟುತ್ತಿರಲಿಲ್ಲ. ಅದಕ್ಕೆ ನನ್ನ ಬಾಯಿಯನ್ನು ನೋಡುತ್ತಿದ್ದ.

"ಎಕೋ ಬರ್ತಿದೆಯಾ?"

ನಾನು ತುಟಿ ಬಿಡಿಸಿ ಉತ್ತರ ಹೇಳುತ್ತಿದ್ದೆ. ಮನಸ್ಸು ಬಂದರೆ ಬರುತ್ತಿದೆ ಎನ್ನುತ್ತಿದ್ದೆ. ಮನಸ್ಸಿಲ್ಲದ ದಿನ, ಅದು ಎಷ್ಟೇ ಇಂಪಾಗಿರಲಿ, "ಕಲಸಿಹೋಗ್ತಿದೆ" ಎನ್ನುತ್ತಿದ್ದೆ. ಅವನು ಸಂಜೆಯವರೆಗೆ ಬೆಸುಗೆ ಬಿಚ್ಚಿ, ಮತ್ತೆ ಹಾಕಿ, ಬೆರಳು ಸುಟ್ಟುಕೊಳ್ಳುತ್ತಿದ್ದ. ನಾನು ಅವರೆಕಾಯಿ ಸುಲಿಯುತ್ತ ನೋಡುತ್ತಿದ್ದೆ. ನನಗೆ ಸಂತೋಷವಾಗುತ್ತಿತ್ತು.

ಒಮ್ಮೆ ಗೋಡೆಗೆ ಸುಣ್ಣ ಹೊಡೆಸಲು ಸಾಮಾನೆಲ್ಲ ಹೊರಗಿಟ್ಟಿದ್ದೆವು. ಮರುದಿನ ಅವನೇ ಒಂದೊಂದಾಗಿ ಜೋಡಿಸಿದ. ಕೈ ಆಗಲೇ ನಡುಗುತ್ತಿತ್ತು. ಊಟ ಮುಗಿಸಿ ಸ್ವಿಚ್ ಒತ್ತಿದ. ಕಿತ್ತಳೆ ಬೆಳಕು ಮೂಡಿತು, ಟೇಪು ಸುತ್ತತೊಡಗಿತು. ನಾನು ಅವರೆಕಾಯಿಯ ಮೊರದೊಂದಿಗೆ ಗೋಡೆಗೊರಗಿ ಕೂತಿದ್ದೆ. ಕಾಲಿಗೆ ಏನೋ ತಾಗಿತು. ನೋಡಿದರೆ ಸ್ಪೀಕರಿನ ವೈರು, ಸಿಕ್ಕಿಸದೆ ಉಳಿದ ತುದಿ ನೆಲದ ಮೇಲೆ ಬಿದ್ದಿತ್ತು.

ಅವನು ತಂತಿ ಮೀಟಿದ. ಎದೆಗೆ ಏನೂ ತಾಗಿರಲಿಕ್ಕಿಲ್ಲ. ಹುಬ್ಬು ಗಂಟಿಕ್ಕಿ, ಅದುರನ್ನೂ ತನ್ನ ಮೈ ಮರೆಯಿತೇನೋ ಎಂಬಂತೆ ಎದೆಯ ಮೇಲೆ ಕೈಯಿಟ್ಟುಕೊಂಡ. ಮುಖದಲ್ಲಿ ನಾನು ಎಂದೂ ಕಾಣದಿದ್ದ ಹೆದರಿಕೆಯಿತ್ತು. ನನ್ನ ಕಡೆ ತಿರುಗಿದ.

"ಬರ್ತಿದೆಯಾ?"

"ಬರ್ತಿದೆ," ಎಂದೆ, ತುಟಿ ಚೆನ್ನಾಗಿ ಬಿಡಿಸಿ. "ತುಂಬಾ ಚೆನ್ನಾಗಿ ಬರ್ತಿದೆ. ಇನ್ನೂ ಸ್ವಲ್ಪ ಜೋರು ಮಾಡಿ."

ಅವನ ಮುಖ ಅರಳಿತು. ಗುಬುಟನ್ನು ಕೊನೆಯವರೆಗೆ ತಿರುಗಿಸಿ, ಕಣ್ಣು ಮುಚ್ಚಿ, ಕಲಾಭವನದ ಆ ವಿರಹದ ಹಾಡನ್ನೇ ಎತ್ತಿಕೊಂಡ. ಸ್ಪೀಕರು ಸುಮ್ಮನಿತ್ತು. ಆದರೆ ಆಂಪ್ಲಿಫೈಯರಿನೊಳಗೆ ಟ್ರಾನ್ಸ್‌ಫಾರ್ಮರೇ ಹಾಡುತ್ತಿರುವುದು ನನಗೆ ಕೇಳಿಸಿತು, ಸಣ್ಣಗೆ, ಒಣದಾಗಿ, ಒಡಕಲಾಗಿ. ನಾನೂ ದನಿಗೂಡಿಸಿದೆ. ಎಷ್ಟೋ ವರ್ಷಗಳ ಮೇಲೆ ಆ ಎರಡನೆಯ ಸಾಲನ್ನು ಎಲ್ಲಿಯೂ ನಿಲ್ಲಿಸದೆ, ಮೇಲಿನ ಸ್ವರದಲ್ಲಿ ಪರ್ರೆಂದರೂ ಬಿಡದೆ, ಕೊನೆಯವರೆಗೆ ಹಾಡಿದೆ. ವಾಲ್ವುಗಳ ಕಿತ್ತಳೆ ಬಣ್ಣ ಕೆಂಪಿಗೆ ತಿರುಗಿತು. ಅರಗು ಸುಟ್ಟ ವಾಸನೆ ಬಂತು, ಒಳಗೆ ಚಟ್ಟೆಂದು ನೀಲಿ ಮಿಂಚಿತು, ಬೆಳಕೆಲ್ಲ ಒಟ್ಟಿಗೇ ಆರಿಹೋಯಿತು.

ಅವನು ಕಣ್ಣು ತೆರೆಯಲಿಲ್ಲ, ನುಡಿಸುತ್ತಲೇ ಇದ್ದ. ಪಕ್ಕದಲ್ಲಿ ಎಕೋ ಪೆಟ್ಟಿಗೆಯ ಟೇಪು ಮಾತ್ರ ಸುತ್ತುತ್ತಿತ್ತು.